ಶುಂಠಿ ಬಿಯರ್: ಬಾಟ್ಲಿ ಒಡೆದ ಮೇಲೆ ಕಲಿತದ್ದು

ನಮ್ಮದು ಕೃಷ್ಣರಾಜನಗರ ತಾಲೂಕು. ನಾಲೆ ಕೆಳಗೆ ಭತ್ತ, ಮೇಲಿನ ಒಂದು ಎಕರೆಯಲ್ಲಿ ಶುಂಠಿ. 2023ರಲ್ಲಿ ಶುಂಠಿ ಬೆಲೆ ಏರಿದ್ದು ಕಂಡು ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಗೆಡ್ಡೆ ಕೀಳುವ ಹೊತ್ತಿಗೆ ಬೆಲೆ ಬಿದ್ದಿತ್ತು. ವ್ಯಾಪಾರಿ ದಪ್ಪ ಗೆಡ್ಡೆ ಆರಿಸಿಕೊಂಡು ಮುರುಕು ಚೂರೆಲ್ಲ ಬಿಟ್ಟುಹೋದರು. ಅವನ್ನು ಏನು ಮಾಡೋದು ಅಂತ ಯೋಚಿಸುವಾಗ ಕೈಗೆ ಬಂದದ್ದು ಶುಂಠಿ ಬಿಯರ್.

ಹೆಸರು ಕೇಳಿ ಗಾಬರಿ ಬೇಡ. ಇಂಗ್ಲೆಂಡಿನ ಮನೆಗಳಲ್ಲಿ 18ನೇ ಶತಮಾನದಿಂದಲೂ ಮಾಡುತ್ತಿದ್ದ ಗ್ಯಾಸ್ ತುಂಬಿದ ಪಾನಕ ಇದು. ಇದರ ಹೆಪ್ಪಿನಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ಬಾಳುತ್ತವೆ ಎಂದು 1892ರಲ್ಲಿ ತೋರಿಸಿದವರು ಹ್ಯಾರಿ ಮಾರ್ಷಲ್ ವಾರ್ಡ್. ಅದಕ್ಕೆ ಮೊದಲು ಸಿಲೋನಿನಲ್ಲಿ ಕಾಫಿ ಎಲೆ ತುಕ್ಕುರೋಗದ ಅಧ್ಯಯನ ಮಾಡಿದ್ದವರೂ ಇವರೇ.

ನಿಜವಾದ ಬಿಯರಿಗೆ ಬಾರ್ಲಿ ಮೊಳಕೆ ಬರಿಸಬೇಕು. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಕಾಳಿನ ಹಿಟ್ಟಿನಂಶವನ್ನು ಸಿಹಿಯಾಗಿಸುತ್ತವೆ. ನಾವು ರಾಗಿ ಮಾಲ್ಟಿಗೆ ಮಾಡುವ ಕೆಲಸವೇ ಅದು. ಇಲ್ಲಿ ಸಕ್ಕರೆಯನ್ನೇ ಹಾಕುವುದರಿಂದ ಆ ಕೆಲಸ ಇಲ್ಲ.

ಹೆಪ್ಪು ಕಟ್ಟುವುದು

ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಸಿಪ್ಪೆಸಹಿತ ತುರಿದ ಹಸಿಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಅಷ್ಟೇ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಡಿ. ದಿನಾ ಅಷ್ಟಷ್ಟೇ ಸೇರಿಸಿ ಕಲಕಿ. ಐದಾರು ದಿನಕ್ಕೆ ನೊರೆ ಏಳುತ್ತದೆ. ಬೂಸ್ಟು ಕಟ್ಟಿದರೆ, ಕೆಟ್ಟ ವಾಸನೆ ಬಂದರೆ ಚೆಲ್ಲಿಬಿಡಿ. ಯೀಸ್ಟ್ ಬರುವುದು ಸಿಪ್ಪೆಯಿಂದ. ಆದ್ದರಿಂದ ಹೆಪ್ಪಿಗೆ ಹಿತ್ತಲಲ್ಲಿ ಔಷಧಿ ಹೊಡೆಯದೆ ಬೆಳೆದ ಗೆಡ್ಡೆಯೇ ಆಗಬೇಕು. ಮ್ಯಾಂಕೊಜೆಬ್‌ನಲ್ಲಿ ಅದ್ದಿಟ್ಟ ಬೀಜದ ಶುಂಠಿಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಪಾನಕ

ನಾಲ್ಕು ಲೀಟರ್ ನೀರಿಗೆ ಸಿಪ್ಪೆ ತೆಗೆದು ಜಜ್ಜಿದ ಶುಂಠಿ 200 ಗ್ರಾಂ, ಸಕ್ಕರೆ 400 ಗ್ರಾಂ ಹಾಕಿ ಕಾಲು ಗಂಟೆ ಕುದಿಸಬೇಕು. ಪೂರ್ತಿ ಆರಿದ ಮೇಲೆ ಸೋಸಿ, ನಾಲ್ಕು ನಿಂಬೆಹಣ್ಣಿನ ರಸ ಮತ್ತು ಒಂದು ಲೋಟ ಹೆಪ್ಪಿನ ನೀರು ಬೆರೆಸಿ. ಬಿಸಿ ಇರುವಾಗ ಹೆಪ್ಪು ಹಾಕಿದರೆ ಯೀಸ್ಟ್ ಸಾಯುತ್ತದೆ.

ಇಲ್ಲಿಯವರೆಗೆ ನಾನೂ ಸರಿಯಾಗೇ ಮಾಡಿದ್ದೆ. ತಪ್ಪಿದ್ದು ಮುಂದೆ. ಗಾಜಿನ ಬಾಟ್ಲಿಗೆ ಗಂಟಲುಮಟ್ಟ ತುಂಬಿ, ಮುಚ್ಚಳ ಬಿಗಿದು, ಅಡುಗೆಮನೆ ಅಟ್ಟದ ಮೇಲಿಟ್ಟೆ. ಏಪ್ರಿಲ್ ಸೆಕೆ. ನೆಂಟರ ಮದುವೆಗೆ ಹೋಗಿ ಮೂರನೇ ದಿನ ಬಂದು ಬಾಗಿಲು ತೆಗೆದರೆ ಎರಡು ಬಾಟ್ಲಿ ಸಿಡಿದು ಒಲೆಕಟ್ಟೆಯ ತುಂಬಾ ಗಾಜು. ಮಗಳು ಓದಲು ಕೂರುವ ಮಣೆಯ ಮೇಲೂ ಚೂರು ಬಿದ್ದಿತ್ತು. ನನ್ನಾಕೆ ಹೇಳಿದ್ದು ಒಂದೇ ಮಾತು: "ರೀ, ದೋಸೆ ಹಿಟ್ಟಿನ ಪಾತ್ರೆಗೆ ಯಾರಾದ್ರೂ ಮುಚ್ಚಳ ಬಿಗೀತಾರಾ? ಸೆಕೆಗಾಲದಲ್ಲಿ ಬೆಳಗಾಗೋದ್ರೊಳಗೆ ಉಕ್ಕಲ್ವಾ?"

ಲೆಕ್ಕ ಹೀಗಿದೆ. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 51 ಗ್ರಾಂ ಆಲ್ಕೋಹಾಲ್, 49 ಗ್ರಾಂ ಇಂಗಾಲದ ಡೈಆಕ್ಸೈಡ್. ಒಂದು ಲೀಟರಿಗೆ ಚೆನ್ನಾಗಿ ಗ್ಯಾಸ್ ತುಂಬಲು ಐದಾರು ಗ್ರಾಂ ಸಾಕು. ನಾವು ಹಾಕುವ ಸಕ್ಕರೆ ಲೀಟರಿಗೆ 100 ಗ್ರಾಂ. ಅಂದರೆ ಒಳಗೆ ಬೇಕಾದ್ದರ ಎಂಟು–ಹತ್ತು ಪಟ್ಟು ಗ್ಯಾಸಿಗೆ ಮೇವು ಇದೆ. ಅದರಲ್ಲಿ ಹತ್ತನೇ ಒಂದು ಭಾಗ ಹುದುಗಿದಾಗಲೇ ನಿಲ್ಲಿಸಬೇಕು.

ನಿಲ್ಲಿಸುವುದು ಹೇಗೆ? ಈಗ ನಾನು ಸೋಡಾದ ಪ್ಲಾಸ್ಟಿಕ್ ಬಾಟ್ಲಿ ಮಾತ್ರ ಬಳಸುತ್ತೇನೆ. ಮೇಲೆ ಮೂರು ಬೆರಳು ಜಾಗ ಬಿಟ್ಟು ನೆರಳಲ್ಲಿಡುತ್ತೇನೆ. ಬೆಳಿಗ್ಗೆ ಸಂಜೆ ಹಿಸುಕಿ ನೋಡಬೇಕು. ಒತ್ತಿದರೆ ಬಗ್ಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ. ನಮ್ಮಲ್ಲಿ ಬೇಸಿಗೆಗೆ ಒಂದೂವರೆ ದಿನ, ಚಳಿಗಾಲಕ್ಕೆ ಮೂರು ದಿನ ಹಿಡಿದಿದೆ. ತಂಪಿನಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಸಾಯುವುದಿಲ್ಲ. ನಾಲ್ಕೈದು ದಿನದಲ್ಲಿ ಕುಡಿದು ಮುಗಿಸಿ. ತೆರೆಯುವಾಗ ಮುಚ್ಚಳ ಮೆಲ್ಲಗೆ ಸಡಿಲಿಸಿ.

ಒಂದು ಎಚ್ಚರಿಕೆ

ಬೇಗ ನಿಲ್ಲಿಸಿದರೂ ಸ್ವಲ್ಪ ಆಲ್ಕೋಹಾಲ್ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಹುದುಗಿಸದ ಪಾನಕವನ್ನೇ ಬೇರೆ ತೆಗೆದಿಡುತ್ತೇವೆ. ಪೂರ್ತಿ ಹುದುಗಲು ಬಿಟ್ಟರೆ ಬಿಯರಿನಷ್ಟೇ ಅಮಲು ಬರುತ್ತದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. "ಇನ್ನೆರಡು ದಿನ ಇಟ್ಟರೆ ಹೇಗಿರುತ್ತೋ" ಎಂಬ ಆಸೆ ಬೇಡ, ಮಾರುವ ಯೋಚನೆಯೂ ಬೇಡ.

ಇದರಿಂದ ಶುಂಠಿ ಬೆಲೆಯ ನಷ್ಟ ತುಂಬುತ್ತದೆ ಎಂದು ನಾನು ಹೇಳುವುದಿಲ್ಲ. 60 ಕಿಲೋದ ಒಂದು ಮೂಟೆ ಖರ್ಚಾಗಲು 1,200 ಲೀಟರ್ ಪಾನಕ ಮಾಡಬೇಕು! ಆದರೆ ಬಂದ ನೆಂಟರಿಗೆ ಅಂಗಡಿಯ ಬಣ್ಣದ ನೀರು ತರುವುದು ನಿಂತಿದೆ. ಸಕ್ಕರೆಯ ಬದಲು ನಮ್ಮ ಆಲೆಮನೆ ಬೆಲ್ಲ ಹಾಕಿ ಮಾಡಿದವರಿದ್ದರೆ ದಯವಿಟ್ಟು ಬರೆದು ತಿಳಿಸಿ. ನನ್ನ ಮುಂದಿನ ಪ್ರಯೋಗ ಅದೇ.