ಮೂರು ರಂಧ್ರಗಳ ಮರ್ಮ

ಟೆನ್‌ಪಿನ್ ಬೌಲಿಂಗ್ ಚೆಂಡನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರು, ಅದರ ಮೈಮೇಲಿನ ಮೂರು ರಂಧ್ರಗಳು ಬೆರಳಿನ ಹಿಡಿತಕ್ಕಾಗಿ ಮಾತ್ರ ಇರತಕ್ಕವೆಂದು ಭಾವಿಸುವುದು ಸಹಜ. ಆದರೆ ಒಂದೇ ಅಚ್ಚಿನಿಂದ ಬಂದ ಎರಡು ಚೆಂಡುಗಳನ್ನು ಬೇರೆಬೇರೆ ಸ್ಥಾನಗಳಲ್ಲಿ ಕೊರೆದರೆ, ಒಬ್ಬನೇ ಆಟಗಾರನು ಒಂದೇ ಬಗೆಯಾಗಿ ಎಸೆದರೂ ಅವುಗಳ ನಡಿಗೆ ಭಿನ್ನವಾಗುವುದುಂಟು.

ಇದರ ಕಾರಣವು ಚೆಂಡಿನ ಗರ್ಭದಲ್ಲಿದೆ. ಅಲ್ಲಿ ‘ಕೋರ್’ ಎಂಬ ಸಾಂದ್ರವಾದ ತಿರುಳು ಹುದುಗಿದ್ದು, ಅದರ ನೆತ್ತಿಯ ನೆಲೆಯನ್ನು ಮೇಲ್ಮೈಯ ಬಣ್ಣದ ಚುಕ್ಕೆಯೊಂದು ಸೂಚಿಸುತ್ತದೆ. ಬಲ್ಲವರು ಈ ಚುಕ್ಕೆಯನ್ನು ‘ಪಿನ್’ ಎಂದು ಕರೆಯುವರು. ಕೈಬಿಟ್ಟ ಕ್ಷಣದಲ್ಲಿ ಚೆಂಡು ಯಾವ ಅಕ್ಷದ ಸುತ್ತ ತಿರುಗುವುದೋ ಆ ಅಕ್ಷವು ಮೇಲ್ಮೈಯನ್ನು ಸಂಧಿಸುವ ಬಿಂದು ಮತ್ತೊಂದು. ಇದು ಆಟಗಾರನ ಎಸೆತದ ರೀತಿಗೆ ಸೇರಿದ್ದು. ರಂಧ್ರಗಳ ಸ್ಥಾನದಿಂದ ನಿರ್ಧಾರವಾಗುವ ಈ ಎರಡರ ನಡುವಣ ಅಂತರವೇ ಕೊರೆಯುವವನ ಮೊದಲ ಲೆಕ್ಕ.

ಚೆಂಡಿನ ಸುತ್ತಳತೆ ಸುಮಾರು 27 ಅಂಗುಲ. ಅದರ ಕಾಲುಭಾಗ 6¾ ಅಂಗುಲ. ಸಮಾಕೃತಿಯ ತಿರುಳುಳ್ಳ ಚೆಂಡಿನಲ್ಲಿ ಪಿನ್ನು ಅಕ್ಷಬಿಂದುವಿನ ಮೇಲೆಯೇ ಇದ್ದರೂ, ಅದರಿಂದ 6¾ ಅಂಗುಲ ದೂರವಿದ್ದರೂ ತಿರುಳು ಸ್ಥಿರವಾಗಿ ಸುತ್ತುವುದು. ಇವೆರಡರ ಮಧ್ಯೆ, ಸುಮಾರು 3⅜ ಅಂಗುಲದಲ್ಲಿ ಅದನ್ನಿಟ್ಟರೆ, ತಿರುಳು ನೆಲೆ ಹುಡುಕುತ್ತ ಹೊರಳಿ, ಅಕ್ಷವನ್ನೇ ಸುತ್ತುಸುತ್ತಿಗೂ ಸರಿಸುವುದು. ಮರಳಿ ಬಂದ ಚೆಂಡನ್ನು ಬೆಳಕಿಗೆ ಹಿಡಿದು ನೋಡಿರಿ: ಹಾದಿಗೆ ಬಳಿದ ಎಣ್ಣೆಯ ಉಂಗುರಗಳು ಎರಡೆಡೆ ಒಂದರೊಡನೊಂದು ಕೂಡಿ, ನಡುವೆ ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಪ್ರತಿ ಸುತ್ತಿನಲ್ಲಿಯೂ ಎಣ್ಣೆ ತಾಗದ ಹೊಸ ಮೈಯೊಂದು ನೆಲಕ್ಕೆ ತಗುಲಿತೆಂಬುದಕ್ಕೆ ಅದೇ ಸಾಕ್ಷಿ. 60 ಅಡಿಯ ಹಾದಿಯ ಮುಂಭಾಗದ ಎಣ್ಣೆಯಲ್ಲಿ ಜಾರುತ್ತ ಸಾಗಿದ ಚೆಂಡು ಒಣನೆಲಕ್ಕೆ ಬಂದೊಡನೆ ಬಿಗಿಯಾಗಿ ಕಚ್ಚಿ ತಿರುಗುವುದು ಈ ಹೊಸ ಮೈಯ ಬಲದಿಂದಲೇ.

ಹಾಗೆಂದು ರಂಧ್ರಗಳೇ ಸರ್ವಸ್ವವಲ್ಲ. ಚೆಂಡಿನ ಹೊರಕವಚದ ದ್ರವ್ಯ, ಅದರ ಒರಟುತನ, ಎಸೆಯುವ ವೇಗ, ಮಣಿಕಟ್ಟಿನ ತಿರುವು ಇವುಗಳ ಪ್ರಭಾವ ಇನ್ನೂ ಹಿರಿದು. ಆದರೆ ಅಮೆರಿಕದ ಬೌಲಿಂಗ್ ಸಂಸ್ಥೆಯಾದ ಯುಎಸ್‌ಬಿಸಿ, 2020ರ ಆಗಸ್ಟ್ 1ರಿಂದ, ಸಮತೋಲಕ್ಕೆಂದು ಕೊರೆಯುತ್ತಿದ್ದ ಹೆಚ್ಚಿನ ರಂಧ್ರವನ್ನು ನಿಷೇಧಿಸಿದ ಮೇಲೆ, ಬೆರಳಿನ ರಂಧ್ರಗಳ ಸ್ಥಾನನಿರ್ಣಯಕ್ಕೆ ಮೊದಲಿಗಿಂತ ಗುರುತರವಾದ ಹೊಣೆ ಬಂದಿದೆ. ಆದುದರಿಂದ ಹೊಸ ಚೆಂಡು ಕೊಳ್ಳುವವರು ಮಿತ್ರನ ಅಳತೆಯನ್ನು ನಕಲುಮಾಡದೆ, ತಮ್ಮ ಎಸೆತವನ್ನು ಕೊರೆಯುವವನಿಗೆ ತೋರಿಸಿ, ತಮ್ಮದೇ ಅಕ್ಷಬಿಂದುವನ್ನು ಮೊದಲು ಗುರುತಿಸಿಕೊಳ್ಳಲಿ. ಯಂತ್ರವನ್ನು ಹೂಡುವುದು ಆಮೇಲಿನ ಕೆಲಸ.