ಸೋರುವ ಕಿವಿಗೆ ಎಣ್ಣೆ ಬಿಡಬೇಡಿ

ಉದಕಮಂಡಲ: ನೀಲಗಿರಿಯಲ್ಲಿ ಮಳೆ, ಚಳಿ ಜೊತೆಯಾದರೆ ಪುಟಾಣಿಗಳಿಗೆ ನೆಗಡಿ ಮಾಮೂಲು. ನಾಲ್ಕು ದಿನದಲ್ಲಿ ಹೋಗುತ್ತೆ ಬಿಡಿ ಎಂದು ಮನೆಯವರೂ ಸುಮ್ಮನಿರುತ್ತಾರೆ. ಆದರೆ ನೆಗಡಿಯ ಬೆನ್ನಿಗೇ ಜ್ವರ ಬಂದು, ಮಗು ರಾತ್ರಿಯಿಡೀ ಅತ್ತು, ಕಿವಿ ಹಿಡಿದು ಎಳೆದುಕೊಂಡರೆ ಮಧ್ಯಕಿವಿಯ ಸೋಂಕು ಇರಬಹುದು. 'ಹಲ್ಲು ಬರ್ತಾ ಇರಬೇಕು' ಎಂದು ತಳ್ಳಿಹಾಕುವಂತಿಲ್ಲ.

ಮಕ್ಕಳಿಗೇ ಯಾಕೆ?

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಸಣ್ಣ ನಾಳವೊಂದಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ನೆಗಡಿಯಾದಾಗ ಇದು ಊದಿ ಮುಚ್ಚಿಕೊಳ್ಳುತ್ತದೆ; ಒಳಗೆ ನೀರು ನಿಂತು ಕೀವಾಗುತ್ತದೆ. 6 ತಿಂಗಳಿಂದ 2 ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಬೀಡಿ, ಸಿಗರೇಟಿನ ಹೊಗೆ, ಮಲಗಿಸಿ ಬಾಟಲಿ ಹಾಲು ಕುಡಿಸುವುದು ಅಪಾಯ ಹೆಚ್ಚಿಸುತ್ತವೆ. ತಾಯಿಹಾಲು ರಕ್ಷಣೆ ಕೊಡುತ್ತದೆ.

ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿಳಿಯುವಾಗ ಕಿವಿ ಕಟ್ಟುವುದು ಬೇರೆ. ಅದು ಗಾಳಿಯ ಒತ್ತಡ; ಮಗುವಿಗೆ ಹಾಲು ಕುಡಿಸಿದರೆ ಸರಿಹೋಗುತ್ತದೆ.

ನೋವು ನಿಂತರೆ ವಾಸಿಯಾಯಿತೇ?

ಕೀವಿನ ಒತ್ತಡಕ್ಕೆ ಕೆಲವೊಮ್ಮೆ ಕಿವಿ ತಮಟೆ ತೂತಾಗುತ್ತದೆ. ಕೀವು ಹೊರಬಂದು ನೋವು ಥಟ್ಟನೆ ಇಳಿಯುತ್ತದೆ. ವಾಸಿಯಾಯಿತು ಎಂದುಕೊಳ್ಳುವುದು ಆಗಲೇ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರೆ ಅದು ತೂತಿನ ಮೂಲಕ ಒಳಗೇ ಇಳಿಯುತ್ತದೆ. ಎರಡು ವಾರ ದಾಟಿಯೂ ಕಿವಿ ಸೋರುತ್ತಿದ್ದರೆ ಕೇಳುವ ಶಕ್ತಿಗೇ ಕುತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿಯಬೇಕಾದ ನಮ್ಮ ಗಡಿನಾಡಿನ ಮಗುವಿಗೆ ಇದು ಇನ್ನೂ ಕಷ್ಟ. ಸರಿಯಾಗಿ ಕೇಳಿಸದ ಮಗುವಿಗೆ 'ದಡ್ಡ' ಎಂಬ ಹಣೆಪಟ್ಟಿ ಬೀಳುತ್ತದೆ.

ಏನು ಮಾಡಬೇಕು?

ಬಹಳಷ್ಟು ಮಕ್ಕಳಿಗೆ ಎರಡು-ಮೂರು ದಿನದಲ್ಲಿ ಗುಣವಾಗುತ್ತದೆ. ನೋವಿಗೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಾಕು. ಆದರೆ 6 ತಿಂಗಳೊಳಗಿನ ಕೂಸನ್ನು, ಕಿವಿ ಸೋರುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿ. ಆಂಟಿಬಯೋಟಿಕ್ ಕೊಟ್ಟರೆ ನಡುವೆ ನಿಲ್ಲಿಸಬೇಡಿ. ಕಿವಿಯ ಹಿಂದೆ ಊತ ಕಂಡರೆ ಅದೇ ಕ್ಷಣ ಹೊರಡಿ.

ಗೂಡಲೂರು ಸರ್ಕಾರಿ ಆಸ್ಪತ್ರೆ, ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದಲ್ಲೇ ಇವೆ. ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬಂಡೀಪುರ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದು ನೆನಪಿರಲಿ.

6 ವಾರ, 14 ವಾರ, 9 ತಿಂಗಳಿಗೆ ಸರ್ಕಾರ ಉಚಿತವಾಗಿ ಕೊಡುವ ನ್ಯುಮೋಕಾಕಲ್ ಲಸಿಕೆ ಇಂಥ ಕೆಲವು ಸೋಂಕುಗಳನ್ನೂ ತಡೆಯುತ್ತದೆ. ಮಗುವಿನ ಲಸಿಕೆ ಕಾರ್ಡ್ ಒಮ್ಮೆ ತೆಗೆದು ನೋಡಿ.