ಗುಜರಿಯಿಂದ ಎದ್ದ ವಿಮಾನಕ್ಕೆ ಯಾವ ಬಣ್ಣ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿ ನೆಲೆಯಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳು ಸಾಲುಸಾಲಾಗಿ ಬಿದ್ದಿದ್ದವು. ಯುದ್ಧಕಾಲದ ಒಪ್ಪಂದದಂತೆ ಅಮೆರಿಕ ಬ್ರಿಟನ್ನಿಗೆ ಕೊಟ್ಟಿದ್ದ ವಿಮಾನಗಳವು. ಮುಂದೆ ಯಾರೂ ಹಾರಿಸಬಾರದೆಂದು ಅವುಗಳನ್ನು ಬೇಕೆಂದೇ ಕೆಡಿಸಲಾಗಿತ್ತು. ಮೀಟರ್‌ಗಳನ್ನು ಒಡೆದಿದ್ದರು, ಎಂಜಿನ್ನಿಗೆ ಮರಳು ಸುರಿದಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಆಗ ಆ ಗುಜರಿಯ ರಾಶಿಯನ್ನು ನೋಡಿ ‘ಇವನ್ನು ಹಾರಿಸಬಹುದು’ ಎಂದು ಲೆಕ್ಕ ಹಾಕಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್.

ಇದು ಹುಚ್ಚು ಧೈರ್ಯವೇನೂ ಆಗಿರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಈ ಕಾರ್ಖಾನೆ ಯುದ್ಧದ ದಿನಗಳಲ್ಲಿ ಅಮೆರಿಕ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ಲಿಬರೇಟರ್‌ನಲ್ಲಿದ್ದ ನಾಲ್ಕು ಎಂಜಿನ್‌ಗಳು ಪ್ರಾಟ್ ಅಂಡ್ ವಿಟ್ನಿ ಆರ್-1830. ಡಕೋಟಾ ವಿಮಾನದಲ್ಲಿರುವುದೂ ಅದೇ ವಂಶದ, 14 ಸಿಲಿಂಡರಿನ ಎಂಜಿನ್. ಅಂದರೆ ಕೆಲಸಗಾರರಿಗೆ ಅದರ ಕೈಪರಿಚಯ ಇತ್ತು. ಕಾನ್ಪುರದಲ್ಲಿ ಹಾರುವಷ್ಟು ಮಾತ್ರ ರಿಪೇರಿ ಮಾಡಿ, ಸುಮಾರು 1,500 ಕಿ.ಮೀ. ದೂರದ ಬೆಂಗಳೂರಿಗೆ ಒಂದೊಂದಾಗಿ ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಷಿ. ಹೀಗೆ ಸುಮಾರು 40 ವಿಮಾನಗಳು ಇಲ್ಲಿಗೆ ಬಂದವು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇದೇ ವಿಮಾನಗಳಿಂದ ಆರಂಭವಾಯಿತು. ಕೊನೆಯವು ನಿವೃತ್ತಿಯಾದದ್ದು 1968ರಲ್ಲಿ. ಇಪ್ಪತ್ತು ವರ್ಷ! ಬಿಸಾಡಿದ ಬಂಡಿಗೆ ಇದು ಕಡಿಮೆ ಆಯುಸ್ಸಲ್ಲ.

ನಾನು ಹೇಳಹೊರಟಿದ್ದು ಇದರ ಮುಂದಿನ ಕಥೆ. ಅಮೆರಿಕದಲ್ಲಿ ತಯಾರಾದ ಲಿಬರೇಟರ್‌ಗಳು 18 ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಅವರು ಅವನ್ನು ಕರಗಿಸಿಬಿಟ್ಟರು. ಹಾಗಾಗಿ ಇಂದು ಜಗತ್ತಿನ ಮ್ಯೂಸಿಯಂಗಳಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಭಾರತೀಯ ವಾಯುಪಡೆಯಿಂದ ಹೋದವೇ. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ, ಕೆನಡಾದ ಒಟ್ಟಾವಾ, ಅಮೆರಿಕದ ಅರಿಜೋನಾ, ಎಲ್ಲ ಕಡೆಯೂ ಇವೆ. ಆದರೆ ಯಾವುದರ ಮೈಮೇಲೂ ಭಾರತದ ಗುರುತು ಸುಲಭಕ್ಕೆ ಸಿಗದು.

ಕಾಲಿಂಗ್ಸ್ ಫೌಂಡೇಶನ್ನಿನ ಲಿಬರೇಟರ್ ತೆಗೆದುಕೊಳ್ಳಿ. 1944ರಲ್ಲಿ ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ ತಯಾರಾಗಿ, ಬ್ರಿಟಿಷರ ಕೈಗೆ ಹೋಗಿ, ಭಾರತದಲ್ಲಿ 1968ರವರೆಗೆ ದುಡಿದು, 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕರೊಬ್ಬರ ಪಾಲಾಗಿ, ಕೊನೆಗೆ ಅಮೆರಿಕ ಸೇರಿತು. ಬಿಚ್ಚಿ, ಮತ್ತೆ ಜೋಡಿಸಿ 1989ರಲ್ಲಿ ಹಾರಿಸಿದಾಗ ಅದರ ಹೆಸರು ‘ಆಲ್ ಅಮೆರಿಕನ್’. ಆಮೇಲೆ ಇನ್ನೊಂದು ಹೆಸರು, ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’. 2005ರಿಂದ ‘ವಿಚ್‌ಕ್ರಾಫ್ಟ್’. ಮೂರೂ ಯುದ್ಧದಲ್ಲಿ ಇದ್ದ ಬೇರೆ ಬೇರೆ ವಿಮಾನಗಳು. ಇದು ಆ ಮೂರರಲ್ಲಿ ಒಂದೂ ಅಲ್ಲ. ಅವರನ್ನು ದೂರುವುದೂ ಸುಲಭವಲ್ಲ. ಯುರೋಪಿನಲ್ಲಿ, ಪೆಸಿಫಿಕ್‌ನಲ್ಲಿ ಹೋರಾಡಿದ ಅವರ ಹಿರಿಯರ ನೆನಪಿಗೆ ಹಾರಲು ಉಳಿದಿದ್ದು ಇಂಥ ವಿಮಾನಗಳೇ ತಾನೆ?

ನಾವೂ ಇದನ್ನೇ ಮಾಡಿದ್ದೇವೆ. 2018ರಲ್ಲಿ ವಾಯುಪಡೆ ಸೇರಿದ ಡಕೋಟಾ ‘ಪರಶುರಾಮ’ವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಉಡುಗೊರೆ ಕೊಟ್ಟವರು ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಅದರ ಬಾಲದ ಮೇಲಿರುವ ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾದ ಸಂಖ್ಯೆ ಅದು. ವಿಮಾನ ಬೇರೆ, ಸಂಖ್ಯೆಯ ಗೌರವ ಮಾತ್ರ ಇದಕ್ಕೆ ಬಂದಿದೆ.

ಹಾಗಾದರೆ ‘ಇತಿಹಾಸಕ್ಕೆ ನಿಷ್ಠವಾದ ಬಣ್ಣ’ ಎಂದರೇನು? ಪರಿಣತರು ಮೊದಲು ನೋಡುವುದು ವಿಮಾನದ ಚರ್ಮವನ್ನೇ. ನಯವಾದ ಮರಳು ಕಾಗದದಿಂದ ಬಣ್ಣವನ್ನು ಪದರ ಪದರವಾಗಿ ಉಜ್ಜಿದರೆ ಹಳೆಯ ಸಂಖ್ಯೆಯ ಅಂಚು, ಲಾಂಛನದ ವೃತ್ತ ಒಂದೊಂದಾಗಿ ಮೇಲೆ ಬರುತ್ತವೆ. ನಮ್ಮ ದೇಶದ ವಿಮಾನಗಳಲ್ಲಂತೂ ಈ ವೃತ್ತವೇ ಕ್ಯಾಲೆಂಡರ್ ಇದ್ದಂತೆ. ಮೊದಲು ಬ್ರಿಟಿಷರ ಕೆಂಪು-ಬಿಳಿ-ನೀಲಿ ಇತ್ತು. ಜಪಾನಿನ ಕೆಂಪು ಸೂರ್ಯ ಎಂದು ತಪ್ಪು ತಿಳಿದು ನಮ್ಮವರೇ ಗುಂಡು ಹಾರಿಸಬಾರದೆಂದು ಯುದ್ಧದ ನಡುವೆ ಕೆಂಪನ್ನು ತೆಗೆದರು. ಸ್ವಾತಂತ್ರ್ಯದ ನಂತರ ಕೆಲಕಾಲ ಅಶೋಕ ಚಕ್ರ. 1950ರಿಂದ ಕೇಸರಿ-ಬಿಳಿ-ಹಸಿರು. ವೃತ್ತ ತಪ್ಪಿದರೆ ಸಂಖ್ಯೆ ಸರಿಯಿದ್ದೂ ಪ್ರಯೋಜನವಿಲ್ಲ.

ಫೋಟೊ ನಂಬಿದರೂ ಕಷ್ಟ. ಹಿಂದಿನ ಕೆಲವು ಕಪ್ಪು-ಬಿಳುಪು ಫಿಲ್ಮ್‌ಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಹಾಗಾಗಿ ಕೆಂಪು ಪಟ್ಟಿ ಕಪ್ಪಾಗಿ, ಹಳದಿಯೂ ಮಂಕಾಗಿ ಕಾಣುತ್ತದೆ. ಇನ್ನು ಹಾರುವ ವಿಮಾನವಾದರೆ ಬಣ್ಣ ಬರೀ ಅಂದಕ್ಕಲ್ಲ. ಲಿಬರೇಟರ್, ಡಕೋಟಾಗಳ ರಡ್ಡರ್, ಎಲಿವೇಟರ್‌ಗಳಿಗೆ ಬಟ್ಟೆಯ ಹೊದಿಕೆ. ಅವುಗಳ ಕೀಲಿನ ಹಿಂಬದಿಗೆ ಒಂದು ಕೋಟ್ ಬಣ್ಣ ಹೆಚ್ಚಾದರೂ ತೂಕದ ಸಮತೋಲನ ಕೆಟ್ಟು ವೇಗದಲ್ಲಿ ನಡುಗಬಹುದು. ಇದಕ್ಕೇ ನಮ್ಮ ಪಠ್ಯದಲ್ಲಿ ‘ಫ್ಲಟರ್’ ಎನ್ನುವುದು. ಪೇಂಟ್ ಬಳಿದ ಮೇಲೆ ಮತ್ತೆ ತೂಗಿ ನೋಡಲೇಬೇಕು.

ನಮ್ಮ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಎಂದು ಹೇಳುವುದು ಶಾಸನ. ಅದನ್ನು ಅಳಿಸಿ ಇನ್ನೊಬ್ಬನ ಹೆಸರು ಕೆತ್ತಿದರೆ ಅಕ್ಷರ ಎಷ್ಟೇ ಚೆಂದವಿದ್ದರೂ ಯಾರೂ ಒಪ್ಪುವುದಿಲ್ಲ. ಹಳೆಯ ಗುಡಿಗಳಲ್ಲಿ ಮುರಿದ ಕಲ್ಲಿನ ಜಾಗಕ್ಕೆ ಹೊಸದನ್ನು ಇಟ್ಟಾಗ ಬಹಳ ಸಲ ಅದನ್ನು ಕೆತ್ತದೆ ಬೋಳಾಗಿಯೇ ಬಿಡುತ್ತಾರೆ, ಇದು ಹೊಸದು ಎಂದು ನೋಡಿದವರಿಗೆ ತಿಳಿಯಲಿ ಎಂದು. ವಿಮಾನಕ್ಕೂ ಇಂಥದ್ದೇ ದಾರಿ ಬೇಕು. ಬೇಕಾದ ಬಣ್ಣ ಬಳಿಯಲಿ, ಆದರೆ ಒಂದು ಮೂಲೆಯಲ್ಲಿ ಅಂಗೈಯಗಲದ ಹಳೆಯ ಪದರವನ್ನು ಹಾಗೇ ಉಳಿಸಲಿ. ಪಕ್ಕದ ಫಲಕದಲ್ಲಿ ‘ಬೆಂಗಳೂರಿನಲ್ಲಿ ದುರಸ್ತಿಯಾದದ್ದು’ ಎಂಬ ಒಂದು ಸಾಲಿರಲಿ. ಮರಳು ತುಂಬಿದ ಎಂಜಿನ್ ಬಿಚ್ಚಿ ತೊಳೆದ ಫಿಟ್ಟರ್‌ಗಳ ಕೆಲಸಕ್ಕೆ ಬೇರೆ ಯಾವ ಶಾಸನ ಇದೆ? ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಭಾರತದ ಸಂಖ್ಯೆಯೊಂದಿಗೇ ಒಂದು ಲಿಬರೇಟರ್ ನಿಂತಿರುವುದು ಸಮಾಧಾನದ ವಿಷಯ.

ಮುಂದೆ ಎಂದಾದರೂ ಯಾರಾದರೂ ಭಾರತದ ಬಣ್ಣದಲ್ಲೇ ಲಿಬರೇಟರ್ ನಿಲ್ಲಿಸುತ್ತೇವೆ ಎಂದು ಹೊರಟರೆ ಅವರಿಗೆ ಬೇಕಾಗುವುದು ಫೋಟೊ. ನಿಮ್ಮ ತಾತನೋ ಮುತ್ತಾತನೋ ಎಚ್‌ಎಎಲ್‌ನಲ್ಲಿದ್ದವರಾದರೆ ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ತೆರೆದು ನೋಡಿ. ವಿಮಾನದ ಮುಂದೆ ಸಾಲಾಗಿ ನಿಂತ ಗ್ರೂಪ್ ಫೋಟೊದಲ್ಲಿ ಹಿಂದೆ ಬಾಲದ ಸಂಖ್ಯೆ ಕಾಣುತ್ತಿದ್ದರೆ ಎರಡೂ ಬದಿ ಸ್ಕ್ಯಾನ್ ಮಾಡಿ ಇಡಿ. ತಾರೀಕು ಬರೆದಿರುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ.